ಒಂದೇ ಕೆರೆಸಾಲಿನ ಊರುಗಳಿಗೆ ಒಂದು ಬಹಿರಂಗ ಪತ್ರ

ಕೋಲಾರ ಜಿಲ್ಲೆಯ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ ಆರಿಸಿ ಬಂದವರಿಗೆ, ಮುಂದಿನ ಚುನಾವಣೆಗೆ ನಿಲ್ಲಬೇಕೆಂದು ಮನಸ್ಸು ಮಾಡಿರುವವರಿಗೆ, ಹಾಗೂ ಬೆಂಗಳೂರಿನ ಐದು ನಗರಪಾಲಿಕೆಗಳ ಹೊಣೆ ಹೊತ್ತವರಿಗೆ

ಮಾನ್ಯರೇ,

ನಿಮ್ಮಲ್ಲಿ ಒಂದೇ ಒಂದು ಮಾತು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ನಿಮ್ಮ ಕ್ರಿಯಾಯೋಜನೆ ಅಂತಿಮಗೊಳಿಸುವ ಮೊದಲು ಪಕ್ಕದ ಪಂಚಾಯಿತಿಯವರನ್ನು, ಪಕ್ಕದ ಪುರಸಭೆಯವರನ್ನು ಕರೆದು ಒಟ್ಟಿಗೆ ಕೂತುಕೊಳ್ಳಿ. ನಮ್ಮ ಜಿಲ್ಲೆಯ ನೀರು, ಕಸ, ಬೆಳೆ, ದುಡಿಮೆ ಇವುಗಳಲ್ಲಿ ಯಾವುದೂ ಇವತ್ತು ಒಂದೇ ಊರಿನ ಗಡಿಯೊಳಗೆ ಮುಗಿಯುವ ವಿಷಯವಾಗಿ ಉಳಿದಿಲ್ಲ. ಆದರೆ ಅವುಗಳ ಬಗ್ಗೆ ತೀರ್ಮಾನ ಮಾಡುವವರು ಮಾತ್ರ ಇನ್ನೂ ಊರಿಗೊಬ್ಬರಂತೆ ಬೇರೆ ಬೇರೆಯಾಗಿಯೇ ಇದ್ದಾರೆ.

ಮೊದಲು ಕೆರೆಯ ಮಾತು. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ನಮ್ಮದು. ಪಾಲಾರ್ ಹುಟ್ಟಿ ಹರಿಯುವುದು ಈ ಸೀಮೆಯಲ್ಲೇ ಆದರೂ ಅದರಲ್ಲಿ ನೀರು ಕಾಣುವುದು ಮಳೆ ಜೋರಾದ ವರ್ಷ ಮಾತ್ರ. ಅದಕ್ಕೇ ನಮ್ಮ ಹಿರಿಯರು ಇಳಿಜಾರು ನೋಡಿ ಕೆರೆಗಳ ಸಾಲು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರಬೇಕು, ಅಲ್ಲಿ ತುಂಬಿದ ಮೇಲೆ ಅದರಾಚೆಯ ಕೆರೆಗೆ. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚಲು ಪ್ರತಿ ಕೆರೆಗೂ ನೀರಗಂಟಿ ಇದ್ದ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂಬುದಕ್ಕೆ ಅವನ ಮಾತೇ ಕಟ್ಟಳೆ. ಮೇಲಿನ ಊರು, ಕೆಳಗಿನ ಊರು ಎರಡಕ್ಕೂ ಒಂದೇ ನೀರಿನ ಲೆಕ್ಕ ಗೊತ್ತಿತ್ತು.

ಈಗ ಆ ಸಾಲಿನ ಉದ್ದಕ್ಕೂ ನಡೆದು ನೋಡಿ. ಕೆಳಗಿನ ಪಂಚಾಯಿತಿ ಉದ್ಯೋಗ ಖಾತರಿಯಲ್ಲಿ ಕೆರೆಯ ಹೂಳು ತೆಗೆಸುತ್ತದೆ, ಏರಿಯ ಜಾಲಿ ಕಡಿಸುತ್ತದೆ. ಮೇಲಿನ ಪಂಚಾಯಿತಿ ವ್ಯಾಪ್ತಿಯಲ್ಲಿ ಅದೇ ಕೆರೆಗೆ ನೀರು ತರಬೇಕಾದ ಕಾಲುವೆಯ ಮೇಲೆ ಬಡಾವಣೆ ಎದ್ದಿರುತ್ತದೆ. ಹೂಳೆತ್ತಿದ ಬಿಲ್ಲು ಪಾಸಾಗುತ್ತದೆ, ಕಾಮಗಾರಿಯ ಫೋಟೊ ಕಡತ ಸೇರುತ್ತದೆ, ಕೆರೆಗೆ ಮಾತ್ರ ನೀರು ಬರುವುದಿಲ್ಲ. ಪಟ್ಟಣವೊಂದರ ಚರಂಡಿ ನೀರು ಕೆಳಗಿನ ಹಳ್ಳಿಯ ಕೆರೆ ಸೇರಿದರೆ ಪುರಸಭೆಯವರು ಅದು ತಮ್ಮ ವ್ಯಾಪ್ತಿಯ ಕೆರೆಯಲ್ಲ ಎನ್ನುತ್ತಾರೆ, ಪಂಚಾಯಿತಿಯವರು ಅದು ತಮ್ಮ ಚರಂಡಿಯಲ್ಲ ಎನ್ನುತ್ತಾರೆ. ಎರಡು ಮಾತೂ ನಿಜ. ಎರಡರ ನಡುವೆ ಕೆರೆ ಸಾಯುತ್ತದೆ. ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದಕ್ಕೆ ಮಳೆಯ ಕೊರತೆ ಒಂದು ಕಾರಣವಾದರೆ, ಹೀಗೆ ಹರಿದುಹೋದ ಕೆರೆಸಾಲು ಇನ್ನೊಂದು ಕಾರಣ.

ಇದೇ ಕಥೆ ಇನ್ನೂ ದೊಡ್ಡದಾಗಿ ಕಾಣುವುದು ಕೆ.ಸಿ. ವ್ಯಾಲಿ ಯೋಜನೆಯಲ್ಲಿ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ತಂದ ಕಾವೇರಿಯನ್ನು ಬೆಂಗಳೂರು ಕುಡಿಯುತ್ತದೆ, ತೊಳೆಯುತ್ತದೆ, ಚರಂಡಿಗೆ ಬಿಡುತ್ತದೆ. ಆ ನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಾರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ದಿನಕ್ಕೆ 44 ಕೋಟಿ ಲೀಟರ್ ನೀರು ತಂದು 126 ಕೆರೆ ತುಂಬಿಸುವುದು ಮೂಲ ಯೋಜನೆ. ಬತ್ತಿದ ಕೆರೆಗಳಲ್ಲಿ ನೀರು ಕಂಡು ಜನ ಪೂಜೆ ಮಾಡಿದರು. ಎರಡು ತಿಂಗಳು ಕಳೆಯುವುದರೊಳಗೆ ಅದೇ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ವ್ಯಾಜ್ಯ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು.

ಈ ಯೋಜನೆ ಬೇಡವಾಗಿತ್ತು ಎಂದು ನಾನು ಹೇಳುವುದಿಲ್ಲ. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತರು ಇಲ್ಲಿದ್ದಾರೆ, ಅವರ ಸಂತೋಷ ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂದು ವರ್ಷಗಟ್ಟಲೆ ಹೋರಾಡುತ್ತಿರುವವರ ಆತಂಕವೂ ಸುಳ್ಳಲ್ಲ. ನನ್ನ ತಕರಾರು ಇಷ್ಟೇ: ಯೋಜನೆ ರೂಪಿಸಿದ್ದು ಸಣ್ಣ ನೀರಾವರಿ ಇಲಾಖೆ, ನೀರು ಕೊಡುವುದು ಬೆಂಗಳೂರು ಜಲಮಂಡಳಿ. ಆ ನೀರು ದಿನವೂ ಹಾದುಹೋಗುವ, ನಿಲ್ಲುವ, ನೆಲಕ್ಕಿಳಿಯುವ ಊರುಗಳ ಪಂಚಾಯಿತಿಗಳಿಗೆ ಇದರಲ್ಲಿ ಜಾಗ ಎಲ್ಲಿದೆ? ಕೆರೆಯಿಂದ ರೈತ ನೇರವಾಗಿ ನೀರು ಎತ್ತುವಂತಿಲ್ಲ ಎಂಬ ಕಟ್ಟು ಇದೆ. ಆ ಕಟ್ಟನ್ನು ಜನರಿಗೆ ತಿಳಿಸಿ ಒಪ್ಪಿಸಬೇಕಾದವರು ಪಂಚಾಯಿತಿ ಸದಸ್ಯರು. ನೀರಿನ ಗುಣಮಟ್ಟದ ವರದಿ ಮೊದಲು ಬೇಕಾಗಿರುವುದೂ ಅವರಿಗೇ. ಸಾಲಿನ ತುದಿಯ ಕೆರೆಗಳು ವರ್ಷಗಟ್ಟಲೆ ಕಾದಾಗ ಜನ ಜಗಳಕ್ಕೆ ನಿಂತಿದ್ದು ಇಲಾಖೆಯ ಬಾಗಿಲಲ್ಲಿ ಮಾತ್ರವಲ್ಲ, ಮೇಲಿನ ಊರಿನವರ ಜೊತೆಗೂ. ಆ ಜಗಳ ಬಗೆಹರಿಸುವ ವೇದಿಕೆಯೇ ನಮ್ಮಲ್ಲಿಲ್ಲ.

ಬೆಂಗಳೂರಿನವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ನಿಮ್ಮ ಮನೆಗೆ ಬೆಳಗ್ಗೆ ಬರುವ ಹಾಲು, ಟೊಮೆಟೊ, ಸೊಪ್ಪು, ಮಾವಿನಲ್ಲಿ ದೊಡ್ಡ ಪಾಲು ನಮ್ಮ ಕಡೆಯದು. ನೀವು ಬಳಸಿ ಬಿಟ್ಟ ನೀರು ಇಳಿಯುವುದು ನಮ್ಮ ಅಂತರ್ಜಲಕ್ಕೆ. ಅಂದರೆ ನೀವು ಚರಂಡಿಗೆ ಏನು ಬಿಡುತ್ತೀರೋ ಅದರ ಪ್ರಶ್ನೆ ಸುತ್ತಿ ಬಳಸಿ ನಿಮ್ಮ ಊಟದ ತಟ್ಟೆಗೇ ಬರುತ್ತದೆ. ನಗರಗಳು ತಮ್ಮ ಹೊರೆಯನ್ನು ಪಕ್ಕದ ಹಳ್ಳಿಯ ಮೇಲೆ ಹಾಕಿ ಮರೆತರೆ ಏನಾಗುತ್ತದೆ ಎಂಬುದನ್ನು ಮಂಡೂರಿನ ಜನ ತೋರಿಸಿಕೊಟ್ಟಿದ್ದಾರೆ. ವರ್ಷಗಟ್ಟಲೆ ನಿಮ್ಮ ಕಸದ ನಾತ ಕುಡಿದ ಆ ಊರು 2014ರಲ್ಲಿ ಲಾರಿಗಳನ್ನು ತಡೆದು ನಿಂತಿತು. ಮಂಡೂರಿನವರ ಜೊತೆ ಮೊದಲೇ ಕೂತು ಮಾತಾಡಿದ್ದರೆ ಆ ಊರಿಗೂ ನಿಮಗೂ ಅಂಥ ದಿನಗಳು ಬರುತ್ತಿರಲಿಲ್ಲ.

ಇನ್ನು ಬೆಳೆಯ ಮಾತು. 2025ರ ಜೂನ್‌ನಲ್ಲಿ ಶ್ರೀನಿವಾಸಪುರದ ಮಾವು ಬೆಳೆಗಾರರಿಗೆ ಬಂದ ಗತಿ ನಿಮಗೆಲ್ಲ ನೆನಪಿದೆ. ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರಗಿನಿಂದ ತೋತಾಪುರಿ ಬರಬಾರದೆಂದು ಆದೇಶ ಹೊರಡಿಸಿತು. ಗಡಿಯಲ್ಲಿ ತಪಾಸಣೆ ಶುರುವಾಯಿತು. ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಕಾರಣ ಎಲ್ಲರಿಗೂ ಗೊತ್ತು: ನಮ್ಮ ತೋತಾಪುರಿಯ ತಿರುಳು ತೆಗೆಯುವ ಕಾರ್ಖಾನೆಗಳು ಇರುವುದು ಚಿತ್ತೂರಿನಲ್ಲಿ. ಕಿತ್ತ ಮಾವು ಕಾಯುವುದಿಲ್ಲ, ಪತ್ರ ವ್ಯವಹಾರ ಮುಗಿಯುವವರೆಗೆ ಮರದಲ್ಲೂ ನಿಲ್ಲುವುದಿಲ್ಲ. ಟೊಮೆಟೊದ ಪಾಡು ನೋಡಲು ಕೋಲಾರದ ಎ.ಪಿ.ಎಂ.ಸಿ.ಗೆ ಬನ್ನಿ. ಬೆಳಗ್ಗೆ ಹದಿನೈದು ಕೆ.ಜಿ. ಬಾಕ್ಸುಗಳನ್ನು ಸಾಲಾಗಿ ಜೋಡಿಸಿಟ್ಟು ಹರಾಜು ಕೂಗುತ್ತಾರೆ. 2023ರ ಜುಲೈನಲ್ಲಿ ಎರಡು ಸಾವಿರ ರೂಪಾಯಿ ದಾಟಿದ ಅದೇ ಬಾಕ್ಸನ್ನು ಬೆಲೆ ಬಿದ್ದ ದಿನ ರೈತ ಲಾರಿ ಬಾಡಿಗೆಯೂ ಗಿಟ್ಟದೆ ರಸ್ತೆ ಬದಿಗೆ ಸುರಿದು ಹೋಗುತ್ತಾನೆ. ಸುರಿದ ಹಣ್ಣು ಕೊಳೆತು ಯಾರದೋ ಚರಂಡಿ ಕಟ್ಟುತ್ತದೆ, ಅದನ್ನು ಎತ್ತುವ ಹೊಣೆ ಮತ್ತೆ ಯಾವುದೋ ಸ್ಥಳೀಯ ಸಂಸ್ಥೆಯದು.

ತಿರುಳಿನ ಘಟಕವನ್ನೋ ಶೈತ್ಯಾಗಾರವನ್ನೋ ಒಂದು ಗ್ರಾಮ ಪಂಚಾಯಿತಿ ಕಟ್ಟಲಾರದು. ಅದರ ವರಮಾನ ಸಾಲದು, ಅಧ್ಯಕ್ಷರ ಅವಧಿ ಎರಡೂವರೆ ವರ್ಷಕ್ಕೆ ಮುಗಿದುಹೋಗುತ್ತದೆ. ಆದರೆ ಹತ್ತು ಪಂಚಾಯಿತಿ ಮತ್ತು ಒಂದು ಪುರಸಭೆ ಸೇರಿದರೆ ಜಾಗ ಗುರುತಿಸಬಹುದು, ರಸ್ತೆ ಮತ್ತು ನೀರಿನ ವ್ಯವಸ್ಥೆ ಮಾಡಬಹುದು, ರೈತ ಉತ್ಪಾದಕರ ಕಂಪನಿಗಳನ್ನು ಒಂದೆಡೆ ಕರೆಯಬಹುದು, ಸರ್ಕಾರದ ಮುಂದೆ ಒಂದೇ ದನಿಯಲ್ಲಿ ಕೇಳಬಹುದು. ಹಾಲಿನಲ್ಲಿ ಈ ಜಿಲ್ಲೆ ಇದನ್ನು ಮಾಡಿ ತೋರಿಸಿದೆ. ಎರಡು ಹಸು ಕಟ್ಟಿದ ಹೆಂಗಸು ತನ್ನೂರಿನ ಸಂಘಕ್ಕೆ ಹಾಲು ಹಾಕುತ್ತಾಳೆ. ಅಲ್ಲಿ ಡಿಗ್ರಿ ನೋಡಿ ಬರೆದುಕೊಳ್ಳುತ್ತಾರೆ. ನೂರಾರು ಊರಿನ ಹಾಲು ಒಂದು ಒಕ್ಕೂಟ ಸೇರುತ್ತದೆ, ಹಣ ತಿರುಗಿ ಊರಿಗೆ ಬರುತ್ತದೆ. ಬರಗಾಲದಲ್ಲಿ ಈ ಜಿಲ್ಲೆಯ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಹಣದಿಂದ.

ಕೈಗಾರಿಕೆಯ ಮಾತೂ ಇಲ್ಲಿಗೇ ಸೇರುತ್ತದೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಬೆಳಗಿನ ಜಾವ ಬಸ್ಸುಗಳು ಊರೂರು ಸುತ್ತಿ ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತವೆ. ಅವರು ಬಾಡಿಗೆಗೆ ಇರುವ ಊರಿಗೆ ಕಸ, ನೀರು, ಬೀದಿದೀಪದ ಖರ್ಚು ಹೆಚ್ಚಾಗುತ್ತದೆ. ಕಾರ್ಖಾನೆಯ ತೆರಿಗೆ ಇನ್ನೊಂದು ಕಡೆಯ ಲೆಕ್ಕಕ್ಕೆ ಹೋಗುತ್ತದೆ. ಕೊಳವೆಬಾವಿ ಬತ್ತುವುದು ಮೂರನೆಯ ಊರಿನಲ್ಲಿ. ಲಾಭ ಒಂದೆಡೆ, ಹೊರೆ ಇನ್ನೊಂದೆಡೆ ಆದರೆ ಅದು ಪ್ರದೇಶದ ಅಭಿವೃದ್ಧಿಯಲ್ಲ. ತೆರಿಗೆಯ ಒಂದು ಪಾಲನ್ನು ಸುತ್ತಲಿನ ಊರುಗಳ ನೀರು ಮತ್ತು ಕಸದ ಕೆಲಸಕ್ಕೆ ಹಂಚಿಕೊಳ್ಳುವ ಪದ್ಧತಿ ಬರಬೇಕು. ಅದನ್ನು ಕೇಳಬೇಕಾದವರು ನೀವು, ಅದೂ ಒಟ್ಟಾಗಿ.

ಇದಕ್ಕೆಲ್ಲ ಹೊಸ ಕಾನೂನು ಬರಲಿ ಎಂದು ಕಾಯಬೇಕಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕೆಂದು ಹೇಳುತ್ತದೆ. ಪಂಚಾಯಿತಿಗಳಿಗೂ ಪುರಸಭೆಗಳಿಗೂ ಸಮಾನವಾದ ವಿಷಯಗಳು, ನೀರು ಮತ್ತಿತರ ಪ್ರಾಕೃತಿಕ ಸಂಪನ್ಮೂಲಗಳ ಹಂಚಿಕೆ, ಮೂಲಸೌಕರ್ಯದ ಒಟ್ಟಾರೆ ಅಭಿವೃದ್ಧಿ, ಪರಿಸರ ಸಂರಕ್ಷಣೆ ಇವನ್ನೆಲ್ಲ ಗಮನದಲ್ಲಿಟ್ಟು ಆ ಸಮಿತಿ ಜಿಲ್ಲೆಯ ಯೋಜನೆ ರೂಪಿಸಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಐದರಲ್ಲಿ ನಾಲ್ಕು ಪಾಲು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರು ತಮ್ಮಲ್ಲೇ ಆರಿಸಿದವರು ಇರಬೇಕು. ಈಗ ವಾಸ್ತವ ನೋಡಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಳೇ ಉರುಳಿದವು. ಚುನಾಯಿತ ಜಿಲ್ಲಾ ಪಂಚಾಯಿತಿಯೇ ಇಲ್ಲದಿದ್ದರೆ ಯೋಜನಾ ಸಮಿತಿಯಲ್ಲಿ ಹಳ್ಳಿಯ ಪರವಾಗಿ ಕೂರುವವರು ಯಾರು? 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ಮದು. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ಕಟ್ಟಿದ ಆ ಮನೆಯಲ್ಲಿ ದೀಪ ಆರಿಸಿ ಕೂತಿರುವುದು ನಮಗೆ ಶೋಭೆಯಲ್ಲ.

ಇನ್ನೊಂದು ಕೊರತೆಯೂ ಇದೆ. ಬೆಂಗಳೂರಿನ ಮಹಾನಗರ ಪ್ರದೇಶದ ಯೋಜನೆಯ ಎಲ್ಲೆಯೊಳಗೆ ಕೋಲಾರ ಬರುವುದಿಲ್ಲ, ನಮ್ಮ ಜಿಲ್ಲಾ ಸಮಿತಿಯೊಳಗೆ ಬೆಂಗಳೂರು ಬರುವುದಿಲ್ಲ. ಕೊಳವೆಯಲ್ಲಿ ದಿನವೂ ಕೋಟ್ಯಂತರ ಲೀಟರ್ ನೀರು ಹರಿಯುವ ಎರಡು ಪ್ರದೇಶಗಳ ಚುನಾಯಿತರು ಮುಖಾಮುಖಿ ಕೂರುವ ಜಾಗವೇ ಇಲ್ಲ. ಆ ಜಾಗವನ್ನು ನೀವೇ ಮಾಡಿಕೊಳ್ಳಬೇಕು.

ಆಗದ ಕೆಲಸವೇನಲ್ಲ ಇದು. ಉಡುಪಿ ಜಿಲ್ಲೆಯ ನಿಟ್ಟೆಗೆ ಹೋಗಿ ಬನ್ನಿ. ದಿನಕ್ಕೆ 10 ಟನ್ ಒಣಕಸ ವಿಂಗಡಿಸುವ ಘಟಕ ಅಲ್ಲಿದೆ. ಹತ್ತಾರು ಗ್ರಾಮ ಪಂಚಾಯಿತಿಗಳ ಕಸ ಅಲ್ಲಿಗೆ ಬರುತ್ತದೆ. ಪ್ಲಾಸ್ಟಿಕ್ಕು, ರಟ್ಟು, ಬಾಟಲಿ ಎಂದು ಬೇರೆಯಾಗಿ ಮಾರಾಟವಾಗುತ್ತದೆ, ಕೆಲವರಿಗೆ ನಿತ್ಯದ ಕೆಲಸ ಸಿಕ್ಕಿದೆ. ಒಂದೊಂದೇ ಪಂಚಾಯಿತಿಯ ಒಣಕಸಕ್ಕೆ ಕೊಳ್ಳುವವರು ಸಿಗುವುದಿಲ್ಲ, ಎಲ್ಲರದೂ ಸೇರಿದರೆ ಅದು ಸರಕಾಗುತ್ತದೆ. ಸಹಕಾರದ ಅರ್ಥಶಾಸ್ತ್ರ ಇಷ್ಟು ಸರಳ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆಗಳಿವು. ಒಂದು ಕೆರೆಸಾಲಿಗೆ ಸೇರಿದ ಪಂಚಾಯಿತಿಗಳು, ಪಟ್ಟಣಗಳು ಸೇರಿ ಒಂದು ಜಂಟಿ ಸಮಿತಿ ಮಾಡಿಕೊಳ್ಳಿ. ಹೂಳೆತ್ತುವ ಕೆಲಸ ಸಾಲಿನ ತಲೆಯಿಂದ ಬುಡದವರೆಗೆ ಒಂದೇ ಯೋಜನೆಯಾಗಲಿ, ಮೊದಲು ರಾಜಕಾಲುವೆ ತೆರವಾಗಲಿ. ಕೆ.ಸಿ. ವ್ಯಾಲಿ ನೀರಿನ ಪರೀಕ್ಷಾ ವರದಿ ಪ್ರತಿ ತಿಂಗಳು ಪ್ರತಿ ಪಂಚಾಯಿತಿಯ ಫಲಕದ ಮೇಲೆ ಕನ್ನಡದಲ್ಲಿ ಬರಲಿ ಎಂದು ಒಟ್ಟಾಗಿ ಠರಾವು ಮಾಡಿ. ಮೂರನೇ ಹಂತದ ಶುದ್ಧೀಕರಣಕ್ಕೆ ಬೆಂಗಳೂರಿನ ಪಾಲಿಕೆಗಳೂ ನಿಮ್ಮ ಜೊತೆ ದನಿಗೂಡಿಸಲಿ, ಅದು ಅವರದೇ ಆಹಾರದ ಪ್ರಶ್ನೆ. ಮಾವು, ಟೊಮೆಟೊ ಸಂಸ್ಕರಣೆಗೆ ತಾಲ್ಲೂಕು ತಾಲ್ಲೂಕು ಸ್ಪರ್ಧೆಗಿಳಿಯದೆ ಜಿಲ್ಲೆಗೆ ಎಲ್ಲಿ ಅನುಕೂಲವೋ ಅಲ್ಲಿ ಒಪ್ಪಿಕೊಳ್ಳಿ. ಜಿಲ್ಲಾ ಯೋಜನಾ ಸಮಿತಿಗೆ ಅದರ ಪೂರ್ಣ ಚುನಾಯಿತ ರೂಪ ಬೇಕೆಂದು ಪಕ್ಷ ನೋಡದೆ ಕೇಳಿ.

ಓದುಗರಾದ ಮತದಾರರಿಗೂ ಒಂದು ಮಾತು. ಮತ ಕೇಳಲು ಮನೆ ಬಾಗಿಲಿಗೆ ಬಂದವರನ್ನು ನಮ್ಮ ಬೀದಿಗೆ ಏನು ಮಾಡುತ್ತೀರಿ ಎಂದು ಕೇಳುವುದು ನಮ್ಮ ರೂಢಿ. ಈ ಸಲ ಇನ್ನೊಂದನ್ನೂ ಕೇಳಿ: ಗೆದ್ದರೆ ಪಕ್ಕದ ಪಂಚಾಯಿತಿಯವರ ಜೊತೆ ಸೇರಿ ನೀವು ಮಾಡುವ ಮೊದಲ ಕೆಲಸ ಯಾವುದು? ಉತ್ತರ ಇದ್ದವರಿಗೆ ಮತ ಕೊಡಿ.

ನಿಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ಮತದಾರ