ಬ್ರೇಕ್ ಜಿಜ್ಞಾಸೆ

ಮುಂದೆ ಹೋಗುವುದು ಹೇಗೆಂದು ಹೇಳುವ ಶಾಸ್ತ್ರಗಳಿಗೆ ಲೋಕದಲ್ಲಿ ಬರವಿಲ್ಲ. ನಿಲ್ಲುವುದು ಹೇಗೆಂಬ ಬಗ್ಗೆ ಇರುವ ಏಕೈಕ ಲಿಖಿತ ಆಧಾರವೆಂದರೆ ಮೆಕ್ಯಾನಿಕ್ ಕೊಟ್ಟ ಬಿಲ್ಲು. ಈ ಕೊರತೆ ನೀಗಲೆಂದೇ ಪ್ರಸ್ತುತ ಪ್ರಬಂಧ. 1928ರಿಂದ 1931ರವರೆಗಿನ ಫೋರ್ಡ್ ಮಾಡೆಲ್ ಎ ಕಾರಿನ ಚಾಸಿಗೆ ಯಾರೋ ಪುಣ್ಯಾತ್ಮರು 1939ರ ಫೋರ್ಡಿನ ಹೈಡ್ರಾಲಿಕ್ ಬ್ರೇಕ್ ಜೋಡಿಸಿದ್ದಾರೆ ಎಂದಿಟ್ಟುಕೊಳ್ಳಿ. ಅಮೆರಿಕದಲ್ಲಿ ಇಂಥ ಪುಣ್ಯಾತ್ಮರು ಬಹಳ. ಅದನ್ನು ಕಿತ್ತು, ಮೊದಲಿದ್ದ ಉಕ್ಕಿನ ಸರಳಿನ ಬ್ರೇಕನ್ನೇ ಮರಳಿ ಕೂರಿಸಬೇಕೇ? ನೈಯಾಯಿಕರ ಕ್ರಮದಲ್ಲೇ ಹೇಳುವುದಾದರೆ, ಪ್ರತಿಜ್ಞೆ: ಕೂರಿಸಲೇಬೇಕು. ಹೇತು: ಬ್ರೇಕು ಹಳೆಯದಾದಷ್ಟೂ ಚಾಲಕನ ವಿವೇಕ ಹೆಚ್ಚುತ್ತದೆ. ಉದಾಹರಣೆ: ಪಾಚಿ ಕಟ್ಟಿದ ಕಲ್ಯಾಣಿಯ ಮೆಟ್ಟಿಲನ್ನು ಯಾರೂ ಓಡುತ್ತ ಇಳಿಯುವುದಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬ ಹಳೆಯ ದೃಷ್ಟಾಂತವನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇವೆ. ಬ್ರೇಕ್ ಡ್ರಮ್ಮಿನ ಪ್ರಸಂಗದಲ್ಲಿ ಅದು ಬರೀ ದೃಷ್ಟಾಂತವಾಗಿ ಉಳಿಯದಿರುವ ಅಪಾಯವಿದೆ.

ಮೊದಲು ಎದುರುಪಕ್ಷದ ಬಂಡವಾಳ ನೋಡೋಣ. ಹೈಡ್ರಾಲಿಕ್ ಬ್ರೇಕಿನಲ್ಲಿ ಪೆಡಲ್ ಒತ್ತಿದರೆ ಕೊಳವೆಯೊಳಗಿನ ದ್ರವಕ್ಕೆ ಒತ್ತಡ ಬೀಳುತ್ತದೆ. 17ನೇ ಶತಮಾನದಲ್ಲಿ ಪಾಸ್ಕಲ್ ವಿವರಿಸಿದ ನಿಯಮದಂತೆ ಆ ಒತ್ತಡ ಪಂಕ್ತಿಭೇದವಿಲ್ಲದೆ ನಾಲ್ಕೂ ಚಕ್ರಗಳಿಗೆ ಬಡಿಸಲ್ಪಡುತ್ತದೆ. 1921ರಲ್ಲಿ ಡ್ಯೂಸೆನ್‌ಬರ್ಗ್, 1924ರಲ್ಲಿ ಕ್ರೈಸ್ಲರ್, 1936ರಲ್ಲಿ ಷೆವರ್ಲೆ ಹೀಗೆ ಒಬ್ಬರ ಹಿಂದೊಬ್ಬರು ಈ ಪಂಕ್ತಿಗೆ ಬಂದು ಕೂತರು. ಹೆನ್ರಿ ಫೋರ್ಡ್ ಮಾತ್ರ 1938ರ ಮಾದರಿಯವರೆಗೂ ಜಗ್ಗಲಿಲ್ಲ. ಪೆಡಲಿನಿಂದ ಚಕ್ರದವರೆಗೆ ನಮ್ಮಲ್ಲಿರುವುದು ಗಟ್ಟಿ ಉಕ್ಕು ಎಂದು ಅವರ ಕಂಪನಿ ಜಾಹೀರಾತಿನಲ್ಲೇ ಬೀಗಿತು. ಬೀಗಿದ್ದರಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಅಂದಿನ ಬ್ರೇಕ್ ದ್ರವವೆಂದರೆ ಬಹುಮಟ್ಟಿಗೆ ಹರಳೆಣ್ಣೆ ಮತ್ತು ಮದ್ಯಸಾರದ ಮಿಶ್ರಣ. ಹರಳೆಣ್ಣೆಯ ಸ್ವಭಾವ ತಡೆದು ನಿಲ್ಲಿಸುವುದೋ ತಡೆಯಿಲ್ಲದೆ ಹರಿಯಬಿಡುವುದೋ ಎಂಬುದನ್ನು ಬಾಲ್ಯದಲ್ಲಿ ಅದನ್ನು ಕುಡಿದವರೆಲ್ಲ ಬಲ್ಲರು. ಮದ್ಯಸಾರಕ್ಕೂ ವಾಹನ ಚಾಲನೆಗೂ ಇರುವ ಸಂಬಂಧವನ್ನು ಪೊಲೀಸರು ಬಲ್ಲರು. ಮೇಲಾಗಿ, ಅಂದಿನ ಒಂಟಿ ಜಾಲದಲ್ಲಿ ಒಂದೆಡೆ ಕೊಳವೆ ಸೋರಿದರೆ ನಾಲ್ಕೂ ಚಕ್ರಗಳಿಗೆ ಒಟ್ಟಿಗೇ ಏಕಾದಶಿ. ಸರಳಿನ ವ್ಯವಸ್ಥೆಯಲ್ಲಿ ಒಂದು ಚಕ್ರದ ಸರಳು ಕಳಚಿದರೂ ಉಳಿದ ಮೂರರ ಊಟಕ್ಕೆ ಭಂಗವಿಲ್ಲ.

ಇನ್ನು ಪರಿವರ್ತನೆಯ ವಿಧಿ. ಮಾಸ್ಟರ್ ಸಿಲಿಂಡರ್, ಕೊಳವೆ, ರಬ್ಬರ್ ಹೋಸು, ಚಕ್ರದೊಳಗಿನ ಪುಟ್ಟ ಸಿಲಿಂಡರುಗಳನ್ನೆಲ್ಲ ವಿಸರ್ಜಿಸಿ, ಚಾಸಿಗೆ ಅಡ್ಡಲಾಗಿ ಶಾಫ್ಟು ಕೂರಿಸಿ, ಅಲ್ಲಿಂದ ನಾಲ್ಕು ಚಕ್ರಕ್ಕೆ ನಾಲ್ಕು ಸರಳು ಎಳೆಯಬೇಕು. ಸರಳಿನ ತುದಿಯ ಪಿನ್ನು ಸವೆದಿದ್ದರೆ ಕಾಲಿನ ಬಲದ ಒಂದು ಪಾಲು ಆ ಸಡಿಲು ತುಂಬುವುದಕ್ಕೇ ಖರ್ಚಾಗುತ್ತದೆ. ಅನುದಾನ ಫಲಾನುಭವಿಯನ್ನು ತಲುಪುವ ಕ್ರಮವೂ ಇದೇ. ಆಮೇಲೆ ಕಾರನ್ನು ಜಾಕಿಯ ಮೇಲೇರಿಸಿ, ಸೀಟಿಗೂ ಪೆಡಲಿಗೂ ನಡುವೆ ಕಚ್ಚು ಹಾಕಿದ ಮರದ ಪಟ್ಟಿಯೊಂದನ್ನು ಸಿಕ್ಕಿಸಿ, ಪೆಡಲನ್ನು ಸುಮಾರು ಒಂದು ಅಂಗುಲ ಒತ್ತಿಡಬೇಕು. ಒಂದೊಂದೇ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ, ಅದರ ಬೆನ್ನಿಗಿರುವ ಚೌಕ ತಲೆಯ ತಿರುಪನ್ನು ಒಂದೊಂದು ಟಿಕ್ಕಿನಷ್ಟು ಬಿಗಿಯಬೇಕು. ಹಿಂದಿನ ಚಕ್ರಗಳು ಮೊದಲು ಹಿಡಿಯಬೇಕು, ಮುಂದಿನವು ತುಸು ತಡೆದು. ಎಡಬಲ ಎರಡೂ ಸಮನಾಗದಿದ್ದರೆ ಬ್ರೇಕ್ ಒತ್ತಿದಾಗ ಕಾರು ನಿಲ್ಲುವ ಮೊದಲು ಪಕ್ಕದ ಅಂಗಡಿಯನ್ನು ವಿಚಾರಿಸಿಕೊಂಡು ಬರುತ್ತದೆ. ಬುಡದಲ್ಲಿ ಮಲಗಿ ಇಷ್ಟೆಲ್ಲ ಮಾಡಿದವನು ತನ್ನ ಬ್ರೇಕಿನ ಯೋಗ್ಯತೆಯನ್ನು ಚೆನ್ನಾಗಿ ಬಲ್ಲನಾದ್ದರಿಂದ ಅದನ್ನು ನಂಬುವುದಿಲ್ಲ. ನಂಬದಿರುವುದೇ ವಿವೇಕದ ಮೊದಲ ಮೆಟ್ಟಿಲು. ಹೈಡ್ರಾಲಿಕ್‌ನವನು ಸರ್ಕಲ್ಲು ಎದುರಾದ ಮೇಲೆ ನಿಲ್ಲುವ ಯೋಚನೆ ಮಾಡುತ್ತಾನೆ. ಸರಳಿನವನು ಆ ಯೋಚನೆಯನ್ನು ಮನೆ ಬಿಡುವಾಗಲೇ ಶುರುಮಾಡಿರುತ್ತಾನೆ.

ಪೂರ್ವಪಕ್ಷದವರು ಕೇಳಬಹುದು: ಉಕ್ಕು ಅಷ್ಟು ಶ್ರೇಷ್ಠವಾಗಿದ್ದರೆ ಫೋರ್ಡರು 1939ರ ಮಾದರಿಗೆ ಹೈಡ್ರಾಲಿಕ್ ಹಾಕಿದ್ದೇಕೆ? ಉತ್ತರ ಸುಲಭ. ಫೋರ್ಡ್ ಹುಟ್ಟಿದ್ದು 1863ರಲ್ಲಿ. 75ರ ಹಿರಿಯರು ಹೂಂ ಎಂದದ್ದನ್ನೆಲ್ಲ ಒಪ್ಪಿಗೆಯೆಂದು ಎಣಿಸುವುದು ಯಾವ ಮನೆಯ ಪದ್ಧತಿಯೂ ಅಲ್ಲ. ಎರಡನೆಯ ಆಕ್ಷೇಪ ಗಡುಸಿನದು. ಹಳೆಯದೇ ಮೇಲೆಂದರೆ 1928ಕ್ಕೆ ನಿಲ್ಲುವುದೇಕೆ? 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಮಾಡೆಲ್ ಟಿಯಲ್ಲಿ ಕಾಲಿನ ಬ್ರೇಕು ಗೇರುಪೆಟ್ಟಿಗೆಯೊಳಗಿನ ಡ್ರಮ್ಮನ್ನು ಹಿಡಿಯುತ್ತಿತ್ತು, ಕೈ ಬ್ರೇಕು ಹಿಂದಿನ ಎರಡು ಚಕ್ರಗಳನ್ನಷ್ಟೆ. ಮುಂದಿನ ಚಕ್ರಗಳಿಗೆ ಬ್ರೇಕೆಂಬುದೇ ಇರಲಿಲ್ಲ. ಅದಕ್ಕೂ ಹಿಂದೆ, 1888ರಲ್ಲಿ, ಬರ್ತಾ ಬೆಂಜ್ ತಮ್ಮಿಬ್ಬರು ಹುಡುಗರೊಂದಿಗೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿನಷ್ಟು ದೂರ ಕಾರಿನಲ್ಲಿ ಹೋದಾಗ, ಮರದ ಬ್ರೇಕ್ ಸವೆದು, ದಾರಿಯಲ್ಲಿ ಚಪ್ಪಲಿ ಹೊಲಿಯುವವನಿಂದ ಅದಕ್ಕೆ ಚರ್ಮ ಹೊಡೆಸಬೇಕಾಯಿತು. ಹೀಗೆ ಹಿಂದೆ ಹಿಂದಕ್ಕೆ ಹೋಗುತ್ತಲೇ ಇದ್ದರೆ ಅನವಸ್ಥಾ ದೋಷ ಬರುವುದಿಲ್ಲವೇ? ಬರುವುದಿಲ್ಲ. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಬ್ರೇಕ್ ಲೈನಿಂಗಿನ ಉದ್ಯಮಕ್ಕೆ ಇಳಿದದ್ದು ಗಾಡಿಯವರು ಹಳೆಯ ಬೂಟನ್ನು ಬ್ರೇಕಿಗೆ ಕಟ್ಟುವುದನ್ನು ಕಂಡು ಎನ್ನುತ್ತಾರೆ. ಆದ್ದರಿಂದ ಬ್ರೇಕಿನ ಮೂಲವನ್ನು ಅರಸುತ್ತ ಹೋದವನು ಕೊನೆಗೆ ಬಂದು ನಿಲ್ಲುವುದು ಚಪ್ಪಲಿಯಲ್ಲಿ. ಚಪ್ಪಲಿ ಮೆಟ್ಟಿ ನಡೆಯುವವನಿಗೆ ಬ್ರೇಕಿನ ಚಿಂತೆಯಿಲ್ಲ. ಸಿದ್ಧಾಂತ ಇಲ್ಲಿ ಸುರಕ್ಷಿತವಾಗಿ ನಿಂತಿತು. ಕಾರು ನಿಂತಿತೇ ಎಂಬುದು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಉಳಿದದ್ದು ಒಂದೇ ಆಕ್ಷೇಪ: ಬ್ರೇಕು ಚಾಲಕನ ವಿವೇಕವನ್ನು ಹೆಚ್ಚಿಸಿತು ಸರಿ, ಎದುರಿಗೆ ಅಡ್ಡ ಬಂದವನ ಗತಿಯೇನು? ಇದಕ್ಕೆ ಇತಿಹಾಸವೇ ಸಮಾಧಾನ ಹೇಳುತ್ತದೆ. 1920ರ ದಶಕದಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕಿರುವುದೇ ವಿಶೇಷವಾಗಿದ್ದಾಗ, ಅಂಥ ಕಾರುಗಳ ಬೆನ್ನಿಗೆ ಒಂದು ಕೆಂಪು ತ್ರಿಕೋನ ಹಾಕುತ್ತಿದ್ದರು. ಇದು ಗಕ್ಕನೆ ನಿಲ್ಲುವ ಗಾಡಿ, ಹಿಂದಿನಿಂದ ಬಂದು ಗುದ್ದೀರಿ ಎಂಬ ಎಚ್ಚರಿಕೆ ಅದು. ಉಪನಯ: ನಮ್ಮ ಪರಿವರ್ತಿತ ಕಾರಿನ ಗುಣ ಇದಕ್ಕೆ ತದ್ವಿರುದ್ಧ. ನಿಗಮನ: ಆದ್ದರಿಂದ ತ್ರಿಕೋನವನ್ನು ಕಾರಿನ ಮುಂಭಾಗಕ್ಕೆ ಹಾಕತಕ್ಕದ್ದು. ಓದುಗರಲ್ಲಿ ವಿನಂತಿ ಇಷ್ಟೇ: ನಿಮ್ಮ ಕನ್ನಡಿಯಲ್ಲಿ ಅಂಥದೊಂದು ತ್ರಿಕೋನ ಕಂಡರೆ ವಾದಕ್ಕೆ ನಿಲ್ಲಬೇಡಿ, ದಾರಿ ಬಿಡಿ.