ಪಾಲ್ಟಿಗೆ ಎಷ್ಟಂತೆ?

ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪಾತ್ರ ಮಾಡಲು ನಟನೆ ಬರಲೇಬೇಕೆಂಬ ಕಟ್ಟುಪಾಡಿಲ್ಲ, ಕೈಯಲ್ಲಿ ಕಾಸಿರಬೇಕು. ಸುಗ್ಗಿ ಮುಗಿದು ‘ಕುರುಕ್ಷೇತ್ರ’ ಆಡುವುದೆಂದು ತೀರ್ಮಾನವಾದರೆ ಮೊದಲು ಕುದುರುವುದು ಪಾತ್ರಗಳ ದರ. ದುರ್ಯೋಧನ, ಕೃಷ್ಣ ಬಲು ತುಟ್ಟಿ. ಹತ್ತಾರು ಸಾವಿರ ಎಣಿಸಬೇಕು. ಕರ್ಣ, ಭೀಮ ಒಂದು ಮಟ್ಟ ಕೆಳಗೆ. ನಕುಲ ಸಹದೇವರಿಗೆ ಗಿರಾಕಿಗಳೇ ಇಲ್ಲ. ಗಟ್ಟಿಸಿ ಚೌಕಾಸಿ ಮಾಡಿದರೆ ಇಬ್ಬರೂ ಒಬ್ಬರ ರೇಟಿಗೆ ಬಂದಾರು. ಈ ದುಡ್ಡೆಲ್ಲ ಸೀನರಿ ಬಾಡಿಗೆಗೆ, ಹಾರ್ಮೋನಿಯಂ ಮೇಷ್ಟ್ರಿಗೆ, ದ್ರೌಪದಿಯ ಪಾತ್ರಕ್ಕೆಂದು ಪಟ್ಟಣದಿಂದ ಬರುವ ಕಲಾವಿದೆಗೆ. ರಂಗದ ಮೇಲೆ ದುಡ್ಡು ಕೊಡದೆ, ತೆಗೆದುಕೊಂಡು ಅಭಿನಯಿಸುವವರು ಆಕೆಯೊಬ್ಬರೇ. ಅಭಿನಯ ಬರುವುದೂ ಆಕೆಯೊಬ್ಬರಿಗೇ.

ಹೀಗಿರುವಾಗ, ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ ನಾನು ಪಟ್ಟಣದ ಬೇಸಿಗೆ ರಂಗಶಿಬಿರಕ್ಕೆ ಆಡಿಷನ್ನಿಗೆ ಹೋಗಬೇಕು ಎಂದಾಗ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಪಾಲ್ಟಿಗೆ ಎಷ್ಟಂತ್ಲಾ?”

“ಪಾರ್ಟಿಗೆ ದುಡ್ಡಿಲ್ಲ ದೊಡ್ಡಪ್ಪ. ನೋಡಿ ಆರಿಸ್ತಾರಂತೆ.”

“ಏನ್ ನೋಡ್ತಾರ್ಲಾ? ಹೆಣ್ ನೋಡಕ್ ಬತ್ತಾವ್ರಾ?”

ಅಮ್ಮನ ಚಿಂತೆ ಬೇರೆ. ನನ್ನ ಪರವಾಗಿ ವಕಾಲತ್ತು ವಹಿಸಲು ಬಂದ ಕನ್ನಡ ಮೇಷ್ಟ್ರು ಹುರುಪಿನಲ್ಲಿ ಬಿ.ವಿ. ಕಾರಂತರ ಕಥೆ ತೆಗೆದರು. ಹುಡುಗನಾಗಿದ್ದಾಗಲೇ ಮನೆಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದವರು, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು ಎಂದೆಲ್ಲ ಹೇಳಿದರು. ಅಮ್ಮನ ಕಿವಿಗೆ ಬಿದ್ದದ್ದು ‘ಮನೆಬಿಟ್ಟು ಓಡಿ’ ಎಂಬುದಷ್ಟೇ. ಮಂಗಳೂರಿನ ಕಡೆಯ ಹುಡುಗ ಅಷ್ಟು ದೂರದಿಂದ ಗುಬ್ಬಿ ಕಂಪನಿಗೆ ಓಡಿಬರಬಹುದಾದರೆ, ಗುಬ್ಬಿಯ ಪಕ್ಕದಲ್ಲೇ ಇರುವ ಮಗ ಇನ್ನೆಲ್ಲಿಗೆ ಓಡಿಯಾನು! ಅಪ್ಪನೇ ಜೊತೆಗೆ ಹೋಗಬೇಕೆಂದು ತೀರ್ಪಾಯಿತು.

ತರಬೇತಿಯನ್ನು ದೊಡ್ಡಪ್ಪ ತಾನಾಗಿಯೇ ಹೊತ್ತುಕೊಂಡ. ಸಾಲ ಮಾಡಿ ದುರ್ಯೋಧನನಾಗಿದ್ದವನು ಅವನು. ಸಾಲ ತೀರುವಷ್ಟರಲ್ಲಿ ಎರಡು ಎಮ್ಮೆ ಹೋಗಿದ್ದವು. ಕೊಟ್ಟಿಗೆಯೇ ರಂಗಮಂದಿರ. “ಮೂರು ಹೆಜ್ಜೆ ಮುಂದಕ್ಕೆ, ಗಿರ್ರಂತ ತಿರುಗು, ತೊಡೆ ತಟ್ಟು, ಆಮೇಲೆ ‘ಎಲವೋ ಭೀಮಾ’ ಅನ್ನು. ‘ಮಾ’ ಅನ್ನೋದು ಕೆರೆ ಏರಿ ತಂಕ ಹೋಗ್ಬೇಕು.” ನಾನು ಹಾಗೆಯೇ ಕೂಗಿದೆ. ಉಳಿದಿದ್ದ ಒಂದು ಎಮ್ಮೆ ಆ ಸಂಜೆ ಹಾಲು ಕೊಡಲಿಲ್ಲ.

ಆಡಿಷನ್ನಿನ ಕೋಣೆಯಲ್ಲಿ ಮೂವರಿದ್ದರು. ಖಾದಿ ಜುಬ್ಬ, ಗಡ್ಡ, ಬಗಲಚೀಲದ ಸರ್ ಒಬ್ಬರು. ಪಟ್ಟಿ ಬರೆಯುವ ಅಕ್ಕ ಒಬ್ಬರು. ಇನ್ನೊಬ್ಬರು ಕೊನೆಯವರೆಗೂ ಟೀ ಕುಡಿಯುತ್ತಲೇ ಇದ್ದರು. ಬೆಳ್ಳಿ ಬಣ್ಣ ಬಳಿದ ತಗಡಿನ ಗದೆ ಹೊತ್ತು ಒಳಗೆ ಹೋದೆ.

“ಗದೆ ಆಚೆ ಇಟ್ಟು ಬಾ ಮರಿ,” ಎಂದರು ಸರ್.

ಯುದ್ಧಕ್ಕೆ ಮೊದಲೇ ನಿಶ್ಶಸ್ತ್ರನಾದ ದುರ್ಯೋಧನ ಯಾವ ಭಾರತದಲ್ಲೂ ಇಲ್ಲ. ಆದರೂ ಇಟ್ಟು ಬಂದೆ.

“ಈಗ ಒಂದು ಮರ ಆಗು.”

“ಯಾವ ಮರ ಸಾರ್?”

“ನಿಂಗೆ ಗೊತ್ತಿರೋದು.”

ತೆಂಗಿನ ಸೀಮೆಯವನಿಗೆ ಬೇರೆ ಯಾವುದು? ಕೈ ಮೇಲೆತ್ತಿ ನಿಂತೆ. “ಗಾಳಿ ಬಂತು,” ಎಂದರು, ತೂಗಿದೆ. “ಮಳೆ ಬಂತು,” ನೆನೆದೆ. ‘ಎಲವೋ ಭೀಮಾ’ ಗಂಟಲಲ್ಲೇ ಇತ್ತು, ಮರಕ್ಕೆ ಮಾತಿಲ್ಲ. ಕೊನೆಗೆ, “ಬಸ್ಸು ತಪ್ಪಿಹೋಯ್ತು, ಬಾಯಿ ಬಿಡದೆ ಮಾಡಿ ತೋರಿಸು,” ಎಂದರು. ಇದಕ್ಕೆ ತಾಲೀಮು ಬೇಕಿರಲಿಲ್ಲ. ಹೈಸ್ಕೂಲು ಸೇರಿದಾಗಿನಿಂದ ನಾನು ಮಾಡುತ್ತ ಬಂದಿದ್ದೇ ಅದು. ಬ್ಯಾಗು ಹಿಡಿದು ಓಡಿದೆ, ಒಂದು ಚಪ್ಪಲಿ ಬಿಟ್ಟುಹೋಯಿತು, ಅದನ್ನು ತರಲು ತಿರುಗಿದರೆ ಬಸ್ಸು ಹೊರಟಿತು, ಕಂಡಕ್ಟರು ಹಿಂದಿನ ಬಾಗಿಲಲ್ಲಿ ಹಲ್ಲು ಕಿರಿದ. ಟೀ ಕುಡಿಯುತ್ತಿದ್ದವರು ಮೊದಲ ಬಾರಿಗೆ ಲೋಟ ಕೆಳಗಿಟ್ಟರು.

ಆಯ್ಕೆಯಾದೆ. ಶಿಬಿರದ ಶುಲ್ಕ 500 ರೂಪಾಯಿ. ನಾಟಕ, ಕಾರಂತರು ಟ್ಯಾಗೋರರ ಗಿಳಿಯ ಕಥೆಯಿಂದ ಮಾಡಿದ ‘ಪಂಜರ ಶಾಲೆ’. ಪಾಠ ತುರುಕಿ ತುರುಕಿಯೇ ಗಿಳಿಯನ್ನು ಸಾಯಿಸುವ ಕಥೆ. ಪರೀಕ್ಷೆ ಮುಗಿಸಿ ಬಂದ ನಮಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಿಳಿ, ನಮಗಿಂತ ಚಿಕ್ಕ ತರಗತಿಯ ಚೂಟಿ ಹುಡುಗಿ. ಪಂಜರವನ್ನು ನಿಂತ ಮಕ್ಕಳಿಂದಲೇ ಕಟ್ಟುವುದು ಸರ್ ಅವರ ಯೋಜನೆ. ನಾನು ಒಂದು ಕಂಬಿ.

“ಕಂಬಿ ಪಾಲ್ಟಾ?” ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. “ಐನೂರಕ್ಕೆ ನಮ್ಮೂರಲ್ಲಿ ದ್ವಾರಪಾಲಕ ಸಿಗ್ತಿದ್ದ ಕಣ್ಲಾ. ‘ಅಪ್ಪಣೆ ಪ್ರಭು’ ಅಂತ ಒಂದ್ ಮಾತಾದ್ರೂ ಇರ್ತಿತ್ತು.”

ಆದರೂ ಪ್ರದರ್ಶನಕ್ಕೆ ಬಂದ. ಮುಂದಿನ ಸಾಲಿನಲ್ಲೇ ಕೂತ. ಗಿಳಿಗೆ ಪುಸ್ತಕ ತಿನ್ನಿಸುವ ದೃಶ್ಯ ನಡೆಯುತ್ತಿದೆ, ನಾನು ಉಸಿರು ಬಿಗಿಹಿಡಿದು ಕಂಬಿಯಾಗಿದ್ದೇನೆ. ನಮ್ಮೂರ ಪದ್ಧತಿಯಂತೆ ದೊಡ್ಡಪ್ಪ ಸೀದಾ ರಂಗ ಹತ್ತಿ, ನನ್ನ ಎದೆಗೆ 50 ರೂಪಾಯಿ ನೋಟನ್ನು ಪಿನ್ನಿನಲ್ಲಿ ಚುಚ್ಚಿ, ಸಭೆಗೊಂದು ಕೈಮುಗಿದು ಇಳಿದುಹೋದ. ಪಿನ್ನು ಅಂಗಿ ದಾಟಿ ಒಳಕ್ಕೂ ಇಳಿದಿತ್ತು. ಕಂಬಿ ಅಲುಗಲಿಲ್ಲ. ಸೈಡ್‌ವಿಂಗಿನಲ್ಲಿ ಸರ್ ಹಣೆ ಹಿಡಿದುಕೊಂಡಿದ್ದರು. ಗಿಳಿ ಮಾತ್ರ ಕುಪ್ಪಳಿಸುತ್ತ ಬಂದು, ಕತ್ತು ಓರೆಮಾಡಿ ನೋಡಿ, ಹಲ್ಲಲ್ಲಿ ನೋಟು ಕಿತ್ತುಕೊಂಡು ಹೋಯಿತು. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಿಂದ ಯಾರೋ ‘ಒನ್ಸ್ ಮೋರ್’ ಕೂಗಿದರು, ದೊಡ್ಡಪ್ಪ ಮತ್ತೆ ಜೇಬಿಗೆ ಕೈ ಹಾಕಿದ.