ಬೋಜಾ ಏರುವ ಮುನ್ನ

ಹಾನಗಲ್ ತಾಲ್ಲೂಕಿನ ರೈತನು ಹೊಲವನ್ನು ಅಡವಿಟ್ಟು ಬ್ಯಾಂಕಿನ ಸಾಲ ಪಡೆಯಬೇಕಾದರೆ, ಹಣಕ್ಕಿಂತ ಮೊದಲು ಕಾಗದಗಳನ್ನು ಸಂಪಾದಿಸಬೇಕಾಗುತ್ತದೆ. ಮೊದಲನೆಯದು ಉತಾರ, ಅಂದರೆ ಜಮೀನಿನ ಒಡೆತನ, ವಿಸ್ತೀರ್ಣ, ಬೆಳೆಗಳನ್ನು ತೋರಿಸುವ ಪಹಣಿ. ಆಮೇಲಿನದು ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ. ವ್ಯವಹಾರಗಳಿದ್ದರೆ ಇದು ನಮೂನೆ 15ರಲ್ಲಿಯೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಬರುವುದರಿಂದ, ಏನೂ ಇಲ್ಲವೆಂಬುದಕ್ಕೂ ಶುಲ್ಕ ಕಟ್ಟುವ ಭಾಗ್ಯ ರೈತನದು.

ನಿಜವಾದ ತೊಡಕಿರುವುದು ಹೆಸರಿನಲ್ಲಿ. ಉತಾರದಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ, ಪಾಸ್‌ಬುಕ್ಕಿನಲ್ಲಿ ಬಸವಣ್ಣೆಪ್ಪ ಎಂದಿದ್ದರೆ, ಊರೆಲ್ಲ ಬಸ್ಯಾ ಎಂದು ಕೂಗುವ ಆ ಮನುಷ್ಯನು ತಾನು ಮೂವರಲ್ಲ, ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ನೋಟರಿಯ ಮುಂದೆ ಪ್ರಮಾಣ ಮಾಡಬೇಕು. ಅದ್ವೈತವು ಇಷ್ಟು ಅಗ್ಗವಾಗಿ ಬೇರೆಲ್ಲಿಯೂ ಸಿದ್ಧಿಸದು.

ಸಹಿಯ ದಿನ, ಪೆನ್ಸಿಲಿನ ಗುರುತಿದ್ದಲ್ಲೆಲ್ಲ ಸಹಿ ಹಾಕುತ್ತ ಹೋದವನು, ಮೊದಲ ಪುಟದಲ್ಲಿ ಪೂರ್ಣ ಹೆಸರು ಬರೆದಿದ್ದರೂ, ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಒಂದು ಗೀಟಿಗೆ ಇಳಿದಿರುತ್ತಾನೆ. ಸಹಿ ಹೊಂದುವುದಿಲ್ಲವೆಂದು ಮತ್ತೆ ಮೊದಲಿನಿಂದ ಶುರು. ಸಾಲಗಾರ ಕಟ್ಟದಿದ್ದರೆ ತಾನೇ ಕಟ್ಟುವೆನೆಂದು ಒಪ್ಪುವ ಜಾಮೀನುದಾರನಿಗೆ ಅಷ್ಟು ಹೊತ್ತೂ ಗಿರ್ಮಿಟ್ಟು, ಚಹಾ ಸರಬರಾಜಾಗುತ್ತಿರಬೇಕು, ಏಕೆಂದರೆ ಹಸಿದ ಜಾಮೀನುದಾರ ಕರಾರು ಓದತೊಡಗುವ ಅಪಾಯವಿದೆ.

1974ರ ಕರ್ನಾಟಕ ಕೃಷಿ ಸಾಲ ಕಾಯ್ದೆಯಂತೆ ನಮೂನೆ 3ರ ಘೋಷಣೆಗೆ ಸಹಿ ಬಿದ್ದ ಮೇಲೆ, ಬ್ಯಾಂಕಿನ ಹಕ್ಕು ಉತಾರದ 11ನೇ ಕಾಲಂನಲ್ಲಿ ಬೋಜಾ ಆಗಿ ಏರುತ್ತದೆ. ಸಾಲ ತೀರಿದಾಗ ಬೇಬಾಕಿ ಪತ್ರ ಕೊಟ್ಟು ಅದನ್ನು ಇಳಿಸಬೇಕು. ತೀರಿಸಿದ ಸಂತಸದಲ್ಲಿ ಇದನ್ನು ಮರೆತವರಿಗೆ, ಮಗಳ ಮದುವೆಗೆಂದು ಮತ್ತೆ ಸಾಲ ಕೇಳಲು ಹೋದಾಗಲೇ ಹಳೆಯ ಬೋಜಾ ಅಲ್ಲಿಯೇ ಠಿಕಾಣಿ ಹೂಡಿರುವುದು ಗೊತ್ತಾಗುತ್ತದೆ.